ಕೊನೆಯ ಗೆರೆಯ ತಾನ

ಧಾರವಾಡದ ಸೋದರಮಾವನ ಮನೆಯಲ್ಲಿ ಭೀಮಸೇನ ಜೋಶಿಯವರ ಒಂದು ಎಲ್‌ಪಿ ಇತ್ತು. ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ ಮಾವ ಅದನ್ನು ಹಚ್ಚುತ್ತಿದ್ದರು. ವಿಲಂಬಿತ ಮುಗಿಯುವವರೆಗೆ ದನಿ ಮನೆ ತುಂಬುತ್ತಿತ್ತು. ದ್ರುತ್ ಶುರುವಾಗಿ ತಾನಗಳು ತಾರ ಷಡ್ಜದತ್ತ ಏರತೊಡಗಿದಂತೆ ದನಿಯ ಅಂಚು ಸಿಗಿದ ಬಟ್ಟೆಯ ಹಾಗೆ ಒಡೆಯುತ್ತಿತ್ತು. ಆಗ ಮಾವ ಎದ್ದು ಹೋಗಿ ಮುಳ್ಳನ್ನು ಎತ್ತಿಬಿಡುತ್ತಿದ್ದರು. ‘ಸವದೈತಿ ಬಿಡೋ, ಮುಂದ ಕೇಳಬ್ಯಾಡ’ ಎನ್ನುತ್ತಿದ್ದರು. ಆ ತಟ್ಟೆಯ ಕೊನೆಯ ನಾಲ್ಕು ನಿಮಿಷವನ್ನು ನಾವು ಯಾರೂ ನೆಟ್ಟಗೆ ಕೇಳಿರಲೇ ಇಲ್ಲ.

ವರ್ಷಗಳ ನಂತರ ಒಂದು ಮಧ್ಯಾಹ್ನ ಆ ಟರ್ನ್‌ಟೇಬಲ್ಲಿನ ಕಾರ್ಟ್ರಿಜ್‌ನ ಎರಡು ತಿರುಪು ಸಡಿಲಿಸಿದೆ. ಅದನ್ನು ಎರಡು ಮಿಲಿಮೀಟರ್ ಮುಂದಕ್ಕೆ ಜರುಗಿಸಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಗಿದೆ. ಮುಳ್ಳು ಒತ್ತುವ ತೂಕ ಅಳೆದು ಸರಿಪಡಿಸಿದೆ. ಅದೇ ತಟ್ಟೆ, ಅದೇ ಮುಳ್ಳು, ಅದೇ ಸ್ಪೀಕರ್. ತಾರಕಕ್ಕೇರಿದ ತಾನ ಈ ಸಲ ಒಡೆಯಲಿಲ್ಲ. ತಟ್ಟೆ ಸವೆದಿರಲಿಲ್ಲ, ಮುಳ್ಳು ಕೂರಬೇಕಾದ ಹಾಗೆ ಕೂತಿರಲಿಲ್ಲ, ಅಷ್ಟೇ.

ಹಳೆಯ ತಟ್ಟೆಗಳು ಮತ್ತೆ ಮನೆಗಳಿಗೆ ಮರಳುತ್ತಿರುವ ಈ ಕಾಲದಲ್ಲಿ, ಮುಳ್ಳು ಕೂರಿಸುವ ಈ ಕುಸುರಿ ಕೆಲಸವನ್ನು ಪರಿಚಯಿಸಬೇಕೆನಿಸಿತು. ಇದಕ್ಕೆ ದುಬಾರಿ ಸಲಕರಣೆ ಬೇಡ. ಅರ್ಧ ದಿನದ ಬಿಡುವು, ಒಳ್ಳೆಯ ಬೆಳಕು, ನಡುಗದ ಕೈ ಇದ್ದರೆ ಸಾಕು.

ಹೆಬ್ಬೆರಳ ತುದಿಯಷ್ಟು ಪೆಟ್ಟಿಗೆ

ಟರ್ನ್‌ಟೇಬಲ್ಲಿನ ತೋಳಿನ ತುದಿಯಲ್ಲಿ ಹೆಬ್ಬೆರಳ ತುದಿಯಷ್ಟು ದೊಡ್ಡದೊಂದು ಪೆಟ್ಟಿಗೆ ಇರುತ್ತದೆ. ಅದೇ ಕಾರ್ಟ್ರಿಜ್. ಅದರ ಕೆಳಗೆ ಹುಲ್ಲುಕಡ್ಡಿಗಿಂತ ಸಣ್ಣ ಲೋಹದ ಕಡ್ಡಿ, ಕಡ್ಡಿಯ ತುದಿಯಲ್ಲಿ ವಜ್ರದ ಮುಳ್ಳು. ತಟ್ಟೆಯ ಗೆರೆ ನಿಜಕ್ಕೂ ಇಂಗ್ಲಿಷಿನ ‘ವಿ’ ಆಕಾರದ ಒಂದು ಕಾಲುವೆ. ಒಳಗೋಡೆಯಲ್ಲಿ ಎಡಗಿವಿಯ ಸಂಗೀತ, ಹೊರಗೋಡೆಯಲ್ಲಿ ಬಲಗಿವಿಯ ಸಂಗೀತ ಕೊರೆದಿರುತ್ತದೆ. ಒಂದೇ ಗೆರೆಯಲ್ಲಿ ಎರಡು ದನಿ ಅಡಗಿಸುವ ಈ ಉಪಾಯಕ್ಕೆ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಸ್ಟೀರಿಯೊ ತಟ್ಟೆ ಅಂಗಡಿಗೆ ಬರಲು 1950ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಗೋಡೆಗಳ ಏರಿಳಿತಕ್ಕೆ ಮುಳ್ಳು ಅದುರುತ್ತದೆ. ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಪುಟ್ಟ ಅಯಸ್ಕಾಂತವೂ ಅದರೊಂದಿಗೆ ಅಲುಗಿ, ಪಕ್ಕದ ತಂತಿ ಸುರುಳಿಗಳಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಇದು ಮೂವಿಂಗ್ ಮ್ಯಾಗ್ನೆಟ್ ಬಗೆ. ಅಯಸ್ಕಾಂತ ಸ್ಥಿರವಾಗಿದ್ದು ಸುರುಳಿಯೇ ಅಲುಗಿದರೆ ಅದು ಮೂವಿಂಗ್ ಕಾಯಿಲ್. ಮೊದಲನೆಯದರಲ್ಲಿ ಹುಟ್ಟುವುದು ನಾಲ್ಕೈದು ಮಿಲಿವೋಲ್ಟ್. ಎರಡನೆಯದರಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟ್‌ಗಿಂತ ಕಡಿಮೆ. ಜಪಾನಿನ ಆಕಾಶವಾಣಿ ಸಂಸ್ಥೆ ಎನ್‌ಎಚ್‌ಕೆ ಜೊತೆ ಸೇರಿ ಡೆನಾನ್ 1960ರ ದಶಕದ ಆರಂಭದಲ್ಲಿ ರೂಪಿಸಿದ ಡಿಎಲ್-103 ಎಂಬ ಮೂವಿಂಗ್ ಕಾಯಿಲ್ ಕಾರ್ಟ್ರಿಜ್, ಅರವತ್ತು ವರ್ಷ ದಾಟಿದರೂ ರಸಿಕರ ಕೈಬಿಟ್ಟಿಲ್ಲ. ಅಮೆರಿಕದ ಶೂರ್ ಕಂಪನಿ ಮಾತ್ರ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು.

ಕೊನೆಯಲ್ಲೇ ಏಕೆ ಕೆಡುತ್ತದೆ?

ಎಲ್‌ಪಿ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಸುತ್ತು ದೊಡ್ಡದು, ಒಳಗೆ ಹೋದಂತೆ ಚಿಕ್ಕದು. ಹಾಗಾಗಿ ಮೊದಲ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಹರಿದರೆ, ಕೊನೆಯ ಗೆರೆ ಬರೀ 21 ಸೆಂಟಿಮೀಟರ್ ಹರಿಯುತ್ತದೆ. ಹೊರಗೆ ಆರಾಮವಾಗಿ ಕಾಲು ಚಾಚಿದ್ದ ಸ್ವರ ಒಳಗೆ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕೂರಬೇಕು. ಸೆಕೆಂಡಿಗೆ ಹತ್ತು ಸಾವಿರ ಸಲ ಕಂಪಿಸುವ ನಾದದ ಒಂದು ಅಲೆ ಅಲ್ಲಿ ಕೇವಲ 21 ಮೈಕ್ರಾನ್ ಉದ್ದ. ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಉರುಟು ತುದಿಯ ಮುಳ್ಳು ಅಷ್ಟು ಇಕ್ಕಟ್ಟಿಗೆ ಇಳಿಯಲಾರದು. ಅದಕ್ಕೇ ಅಂಡಾಕಾರದ ತುದಿಯ ಮುಳ್ಳುಗಳು ಬಂದವು.

ಇದರ ಮೇಲೆ ಕೋನದ ತೊಡಕು. ಕಾರ್ಖಾನೆಯಲ್ಲಿ ಗೆರೆ ಕೊರೆಯುವ ಉಳಿ ಅಂಚಿನಿಂದ ನಡುವಿಗೆ ನೇರ ಸಾಲಿನಲ್ಲಿ ಸರಿಯುತ್ತದೆ. ನಮ್ಮ ತೋಳು ಒಂದು ಕೀಲಿನ ಮೇಲೆ ನಿಂತು, ಬಾಗಿಲು ತಿರುಗಿದ ಹಾಗೆ ಕಮಾನಿನಲ್ಲಿ ಸರಿಯುತ್ತದೆ. ಈ ಎರಡು ದಾರಿ ಎಲ್ಲ ಕಡೆಯೂ ಒಂದಾಗಲಾರವು. ತೋಳಿನ ತುದಿಯನ್ನು ಓರೆಯಾಗಿಸಿ, ಮುಳ್ಳನ್ನು ತಟ್ಟೆಯ ನಡುವಿನ ಕಡ್ಡಿಗಿಂತ ತುಸು ಮುಂದೆ ಚಾಚಿಸಿದರೆ, ಮುಳ್ಳು ಗೆರೆಗೆ ಸರಿಯಾಗಿ ನೇರ ನಿಲ್ಲುವ ಎರಡು ಜಾಗ ಸಿಗುತ್ತವೆ. ಉಳಿದೆಡೆ ಅತ್ತಿತ್ತ ಎರಡು ಡಿಗ್ರಿಯೊಳಗಿನ ತಪ್ಪು. ಈ ಲೆಕ್ಕವನ್ನು 1938ರಲ್ಲಿ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್ ಎಂಬ ತಜ್ಞರು ಬಿಡಿಸಿಟ್ಟರು. ಅದರ ಪ್ರಕಾರ ಎಲ್‌ಪಿಯ ನಡುವಿನಿಂದ 66 ಮತ್ತು 121 ಮಿಲಿಮೀಟರ್ ದೂರದಲ್ಲಿ ಆ ಎರಡು ಜಾಗಗಳು. 1966ರಲ್ಲಿ ಸ್ಟೀವನ್ಸನ್ ಇನ್ನೊಂದು ದಾರಿ ತೋರಿಸಿದರು: ಒಳಗಿನ ಜಾಗವನ್ನು ಕೊನೆಯ ಗೆರೆಗೇ, ಅಂದರೆ 60.3 ಮಿಲಿಮೀಟರ್‌ಗೆ ತಂದಿಟ್ಟರು.

ಹಿಂದೂಸ್ತಾನಿ ಕೇಳುಗರಿಗೆ ಇದು ಬರೀ ರೇಖಾಗಣಿತವಲ್ಲ. ನಮ್ಮ ಗಾಯಕರು ಆಲಾಪದಿಂದ ನಿಧಾನವಾಗಿ ತೊಡಗಿ, ದ್ರುತ್ ತಾನಗಳಲ್ಲಿ ರಾಗದ ನೆತ್ತಿ ಮುಟ್ಟುತ್ತಾರೆ. ಅಂದರೆ ಹಾಡಿಕೆಯ ಅತ್ಯಂತ ಬಿರುಸಿನ ಭಾಗ ತಟ್ಟೆಯ ಅತ್ಯಂತ ಇಕ್ಕಟ್ಟಿನ ಜಾಗಕ್ಕೆ ಬಂದು ಬೀಳುತ್ತದೆ. ಮಾವನ ತಟ್ಟೆಯಲ್ಲಿ ಆಗುತ್ತಿದ್ದದ್ದು ಅದೇ. ನಾನಂತೂ ಖಯಾಲ್ ಕೇಳುವ ತೋಳಿಗೆ ಸ್ಟೀವನ್ಸನ್ ಲೆಕ್ಕವನ್ನೇ ಹಿಡಿದಿದ್ದೇನೆ.

ಕೂರಿಸುವ ಬಗೆ

ಮೊದಲು ಗಾರೆಯವರ ರಸಮಟ್ಟ ಇಟ್ಟು ಟರ್ನ್‌ಟೇಬಲ್ ಸಮವಾಗಿದೆಯೇ ನೋಡಬೇಕು. ನೆಲ ಓಲಿದ್ದರೆ ಮುಂದಿನ ಅಳತೆಗಳೆಲ್ಲ ವ್ಯರ್ಥ. ಆಮೇಲೆ ಮುಳ್ಳಿಗೆ ಅದರ ಕವಚ ತೊಡಿಸಿಯೇ ಕಾರ್ಟ್ರಿಜ್ಜನ್ನು ತೋಳಿನ ತುದಿಯ ಹಿಡಿಕೆಗೆ, ಅಂದರೆ ಹೆಡ್‌ಶೆಲ್‌ಗೆ, ಎರಡು ತಿರುಪಿನಿಂದ ಸಡಿಲವಾಗಿ ಕಟ್ಟಬೇಕು. ತಿರುಪುಗಳ ನಡುವೆ ಅರ್ಧ ಅಂಗುಲ. ಹೆಚ್ಚುಕಡಿಮೆ ಎಲ್ಲ ಕಂಪನಿಗಳದ್ದೂ ಇದೇ ಅಳತೆ. ಹಿಂಬದಿಯ ನಾಲ್ಕು ಕಡ್ಡಿಗಳಿಗೆ ನಾಲ್ಕು ಬಣ್ಣದ ತಂತಿ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಚಿಮಟದಿಂದ ತಂತಿಯ ತುದಿಯ ಲೋಹದ ಕೊಳವೆಯನ್ನೇ ಹಿಡಿಯಬೇಕು. ತಂತಿಯನ್ನು ಎಳೆದರೆ ಬೆಸುಗೆ ಕಿತ್ತು ಬರುತ್ತದೆ.

ಇನ್ನು ಪ್ರೊಟ್ರ್ಯಾಕ್ಟರ್. ತಟ್ಟೆಯ ಜಾಗದಲ್ಲಿ ಇಡುವ ಕಾಗದದ ನಕ್ಷೆ ಅದು. ಮನೆಯಲ್ಲೇ ಮುದ್ರಿಸಿದರೆ ಅದರ ಗೆರೆಯ ಮೇಲೆ ಸ್ಕೇಲು ಇಟ್ಟು, ನೂರು ಮಿಲಿಮೀಟರ್ ಎಂದಿದ್ದದ್ದು ನೂರೇ ಇದೆಯೇ ಎಂದು ಅಳೆಯಿರಿ. ಪ್ರಿಂಟರ್ ತುಸು ಕುಗ್ಗಿಸಿದರೂ ಲೆಕ್ಕ ತಪ್ಪುತ್ತದೆ. ನಕ್ಷೆಯ ಚುಕ್ಕೆಯ ಮೇಲೆ ಮುಳ್ಳನ್ನು ಇಳಿಸಿ, ಎದುರಿನಿಂದ ಒಂದೇ ಕಣ್ಣಲ್ಲಿ ನೋಡಬೇಕು. ವಜ್ರ ಹೊತ್ತ ಕಡ್ಡಿ ನಕ್ಷೆಯ ಗೆರೆಗಳಿಗೆ ಸಮಾನಾಂತರವಾಗಿ ಬರಬೇಕು. ಒಂದು ಚುಕ್ಕೆಯಲ್ಲಿ ಸರಿಬಂದರೆ ಇನ್ನೊಂದರಲ್ಲಿ ತಪ್ಪುತ್ತದೆ. ತುಸು ಮುಂದಕ್ಕೆ, ತುಸು ಓರೆ, ಮತ್ತೆ ನೋಡು. ಎರಡೂ ಚುಕ್ಕೆ ಒಪ್ಪುವ ತನಕ ಇದೇ ಆಟ. 1972ರಿಂದ ಹೆಸರುವಾಸಿಯಾದ ಟೆಕ್ನಿಕ್ಸ್ ಎಸ್‌ಎಲ್-1200 ಇದ್ದವರಿಗೆ ಕಂಪನಿಯೇ ಸುಲಭದ ಸೂತ್ರ ಕೊಟ್ಟಿದೆ: ಹೆಡ್‌ಶೆಲ್ ತೋಳಿಗೆ ಸೇರುವ ಅಂಚಿನಿಂದ ಮುಳ್ಳಿನ ತುದಿಗೆ 52 ಮಿಲಿಮೀಟರ್.

ತಂಬೂರಿ ಶ್ರುತಿ ಮಾಡುವವರನ್ನು ಹತ್ತಿರದಿಂದ ನೋಡಿದವರಿಗೆ ಈ ತಾಳ್ಮೆಯ ಗುರುತು ಸಿಗುತ್ತದೆ. ತಂತಿ ಬಿಗಿದಾದ ಮೇಲೂ ಅವರು ಕುದುರೆಯ ಮೇಲೆ ತಂತಿಯಡಿಯ ನೂಲೆಳೆಯನ್ನು ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ಸರಿಸುತ್ತಾರೆ. ಒಂದು ಕ್ಷಣದಲ್ಲಿ ನಾದ ಹೂವಿನಂತೆ ಅರಳುತ್ತದೆ. ಕಾರ್ಟ್ರಿಜ್ ಸರಿಸುವ ಕೈಗೂ ಅಂಥದೇ ಒಂದು ಕ್ಷಣ ಸಿಗುತ್ತದೆ.

ತೂಕ, ಸೆಳೆತ, ಎತ್ತರ

ತೋಳಿನ ಹಿಂದಿನ ಗುಂಡನ್ನು ತಿರುಗಿಸುತ್ತ, ತೋಳು ಗಾಳಿಯಲ್ಲಿ ತಕ್ಕಡಿಯ ದಂಡದಂತೆ ಸಮನಾಗಿ ತೇಲುವಂತೆ ಮಾಡಬೇಕು. ಅಲ್ಲಿ ಅಂಕಿಯನ್ನು ಸೊನ್ನೆಗೆ ತಂದು, ಕಂಪನಿ ಹೇಳಿದಷ್ಟು ತೂಕ ಕೊಡಬೇಕು. ಆಡಿಯೊ ಟೆಕ್ನಿಕಾದ ಎಟಿ-ವಿಎಂ95ಇಗೆ 2 ಗ್ರಾಂ, ಆರ್ಟೊಫಾನ್ 2ಎಂ ರೆಡ್‌ಗೆ 1.8 ಗ್ರಾಂ, ಡಿಎಲ್-103ಕ್ಕೆ 2.5 ಗ್ರಾಂ. ಎರಡು ಗ್ರಾಂ ಎಂದರೆ ಹದಿನಾರು ಗುಲಗಂಜಿಯ ಆಸುಪಾಸು. ಗುಂಡಿನ ಅಂಕಿಯನ್ನೇ ನಂಬದೆ, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತಟ್ಟೆಯ ಎತ್ತರದಲ್ಲೇ ತೂಗಿ ನೋಡುವುದು ಒಳ್ಳೆಯದು. ತೂಕ ಬದಲಾದರೆ ಮುಳ್ಳಿನ ಜಾಗವೂ ಕೊಂಚ ಸರಿಯುತ್ತದೆ. ಆದ್ದರಿಂದ ನಕ್ಷೆಯ ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಗಬೇಕು.

ತಟ್ಟೆಗೆ ನೋವಾಗದಿರಲಿ ಎಂದು ತೂಕ ಇಳಿಸುವವರಿದ್ದಾರೆ. ಪ್ರೀತಿಯಿಂದ ಮಾಡುವ ಈ ತಪ್ಪೇ ಹೆಚ್ಚು ಹಾನಿ ಮಾಡುತ್ತದೆ. ಹಗುರಾದ ಮುಳ್ಳು ಗೆರೆಯಲ್ಲಿ ಕೂರದೆ ಪುಟಿಯುತ್ತದೆ. ಪುಟಿದು ಬಿದ್ದಾಗಲೆಲ್ಲ ವಜ್ರ ಗೋಡೆಯನ್ನು ಕೆತ್ತುತ್ತದೆ. ತುಸು ಹೆಚ್ಚಾದರೂ ಚಿಂತೆಯಿಲ್ಲ, ಕಡಿಮೆಯಾಗಬಾರದು.

ತಿರುಗುವ ತಟ್ಟೆ ಓರೆ ತುದಿಯ ತೋಳನ್ನು ನಡುವಿನತ್ತ ಸೆಳೆಯುತ್ತಿರುತ್ತದೆ. ಅದಕ್ಕೆದುರಾಗಿ ಹೊರಗೆ ಎಳೆಯುವ ಗುಂಡಿಯೇ ಆ್ಯಂಟಿ-ಸ್ಕೇಟ್. ಅದನ್ನು ಮುಳ್ಳಿನ ತೂಕದ ಅಂಕಿಗೇ ಇಟ್ಟು ಶುರುಮಾಡಿ. ಗಟ್ಟಿ ಸ್ವರದಲ್ಲಿ ಬಲಗಡೆಯ ಸ್ಪೀಕರ್ ಮೊದಲು ಒಡೆದರೆ ಹೆಚ್ಚಿಸಿ, ಎಡಗಡೆಯದು ಒಡೆದರೆ ತಗ್ಗಿಸಿ. ಮುಳ್ಳಿನ ಕೆಳಗೆ ಸಣ್ಣ ಕನ್ನಡಿ ಇಟ್ಟರೆ, ಕಾರ್ಟ್ರಿಜ್ ಮತ್ತು ಅದರ ಬಿಂಬ ಒಂದೇ ನೇರದಲ್ಲಿ ನಿಂತಿವೆಯೋ ವಾಲಿವೆಯೋ ತಿಳಿಯುತ್ತದೆ. ವಾಲಿದರೆ ಒಂದು ಕಿವಿಯ ದನಿ ಇನ್ನೊಂದಕ್ಕೆ ಸೋರುತ್ತದೆ. ಕೊನೆಗೆ ತೋಳು ತಟ್ಟೆಗೆ ಸಮಾನಾಂತರವಾಗಿರಲಿ. ಎತ್ತರದ ಬಗ್ಗೆ ವಿಪರೀತ ತಲೆಕೆಡಿಸಿಕೊಳ್ಳಬೇಕಿಲ್ಲ. ಸಾಮಾನ್ಯ ತೋಳಿನಲ್ಲಿ ನಾಲ್ಕು ಮಿಲಿಮೀಟರ್ ಏರಿಸಿದರೆ ಬದಲಾಗುವುದು ಒಂದೇ ಡಿಗ್ರಿ.

ಅರಗಿನ ತಟ್ಟೆಗೆ ಬೇರೆ ಮುಳ್ಳು

ಅಟ್ಟದಲ್ಲಿ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಿದ್ದರೆ ಒಂದು ಎಚ್ಚರಿಕೆ. ಅವು ಎಲ್‌ಪಿಯ ಹಾಗೆ ವಿನೈಲ್ ಪ್ಲಾಸ್ಟಿಕ್ಕಿನವಲ್ಲ, ಅರಗು ಬೆರೆಸಿ ಮಾಡಿದವು. ಚನ್ನಪಟ್ಟಣದ ಗೊಂಬೆಗೆ ಬಣ್ಣದ ಹೊಳಪು ಕೊಡುವ ಅದೇ ಅರಗು. 1902ರಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ದನಿ ಹಿಡಿದಾಗಿನಿಂದ ನಮ್ಮ ಎಷ್ಟೋ ಸಂಗೀತ ಅರಗಿನಲ್ಲೇ ಉಳಿದು ಬಂದಿದೆ. ಹಾಡಿನ ಕೊನೆಗೆ ಗೌಹರ್ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಆ ತಟ್ಟೆಗಳಲ್ಲೂ ಕೊನೆಯ ಗೆರೆಗೆ ಬೆಲೆಯಿದೆ. ಇಂಥವುಗಳ ಗೆರೆ ಅಗಲ. ಎಲ್‌ಪಿಯ ಮುಳ್ಳಿನ ತುದಿ 18 ಮೈಕ್ರಾನ್ ಆಸುಪಾಸಾದರೆ ಇವಕ್ಕೆ ಸುಮಾರು 75 ಮೈಕ್ರಾನಿನದು ಬೇಕು. ಸಣ್ಣ ಮುಳ್ಳು ಗೆರೆಯ ತಳದಲ್ಲಿ ಹೊರಳಾಡಿ ಬರೀ ಗರಗರ ಸದ್ದು ಕೊಡುತ್ತದೆ. ಸ್ಪಿರಿಟ್ ಹಚ್ಚಿ ಒರೆಸಲಂತೂ ಹೋಗಬೇಡಿ. ಅರಗು ಅದರಲ್ಲಿ ಕರಗುತ್ತದೆ.

ಕೂರಿಸಿದ ಮೇಲೆ ಆರೈಕೆ ಸುಲಭ. ಮುಳ್ಳಿನ ದೂಳನ್ನು ಮೆತ್ತನೆಯ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ತೆಗೆಯಿರಿ. ಇಪ್ಪತ್ತು ನಿಮಿಷದ ಒಂದು ಮಗ್ಗುಲಲ್ಲಿ ಆ ವಜ್ರ ನಾನೂರು ಮೀಟರಿಗೂ ಹೆಚ್ಚು ದಾರಿ ಸವೆಸುತ್ತದೆ. ಮುಳ್ಳಿನ ಬಗೆಗೆ ತಕ್ಕಂತೆ ಕೆಲವು ನೂರು ಗಂಟೆಗಳಿಂದ ಸಾವಿರ ಗಂಟೆಯೊಳಗೆ ಅದನ್ನು ಬದಲಿಸಬೇಕು.

ಸ್ವರ ಒಡೆಯಿತೆಂದು ಎಷ್ಟೋ ತಟ್ಟೆಗಳನ್ನು ನಾವು ಗುಜರಿಗೆ ಹಾಕಿದ್ದೇವೆ, ಒಳ್ಳೆಯ ಯಂತ್ರಗಳನ್ನು ಮೂಲೆಗೆ ತಳ್ಳಿದ್ದೇವೆ. ಹೊಸದು ಕೊಳ್ಳುವ ಮೊದಲು ಇರುವುದನ್ನೊಮ್ಮೆ ಕೂರಿಸಿ ಕೇಳಿ ಎಂಬುದಷ್ಟೇ ನನ್ನ ಬಿನ್ನಹ.

ಆ ಮಧ್ಯಾಹ್ನ ತಿರುಪು ಬಿಗಿದಾದ ಮೇಲೆ ಮಾವನನ್ನು ಕರೆದು ಕೂರಿಸಿ ತಟ್ಟೆ ಹಚ್ಚಿದೆ. ದ್ರುತ್ ಶುರುವಾಗಿ ತಾನ ಮೇಲೇರತೊಡಗಿದಾಗ, ವರ್ಷಗಳ ರೂಢಿಯಂತೆ ಅವರು ಎದ್ದು ಟರ್ನ್‌ಟೇಬಲ್ಲಿನ ಹತ್ತಿರ ಹೋದರು. ಎತ್ತಲೆಂದು ಚಾಚಿದ ಕೈ ತೋಳಿನ ಪಕ್ಕದಲ್ಲೇ ನಿಂತಿತು. ಕೊನೆಯ ತಿಹಾಯಿ ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ ಸುತ್ತತೊಡಗುವವರೆಗೂ ಅವರು ಅಲ್ಲೇ, ಹಾಗೇ ನಿಂತಿದ್ದರು.