ಕಪಾಟಿನ ಪುಟ್ಟ ಬೈಕು ಕೂಸಿನ ಕೈಗೆ ಬೇಡ

ಸಹೋದರಿಯರೇ, ಗಂಗಾವತಿಯಿರಲಿ, ಕುಷ್ಟಗಿಯಿರಲಿ, ಯಲಬುರ್ಗಾ ಇರಲಿ, ಈಗ ಫೋನಿನಲ್ಲೇ ತರಿಸಿದರೆ ಸಿನಿಮಾ ಬೈಕಿನ ಪುಟ್ಟ ಲೋಹದ ಮಾದರಿ ಮನೆ ಬಾಗಿಲಿಗೆ ಬರುತ್ತದೆ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯ (1975) ಸೈಡ್‌ಕಾರ್ ಬೈಕನ್ನು ಮರೆತವರುಂಟೇ? ಹುಡುಗರಿಗೋ 'ಟರ್ಮಿನೇಟರ್ 2'ರ (1991) ಹಾರ್ಲೆ-ಡೇವಿಡ್‌ಸನ್ ಬೈಕಿನ ಹುಚ್ಚು. "ಇಷ್ಟು ದೊಡ್ಡವನಾಗಿ ಆಟಿಕೆಗೆ ರೊಕ್ಕ ಸುರೀತೀಯೇನೋ?" ಎಂದು ಮಗನನ್ನು ಗದರುವ ಮುನ್ನ ತುಸು ತಾಳಿ.

ಇದು ಆಟಿಕೆಯಲ್ಲ, ಸಂಗ್ರಹದ ವಸ್ತು. ಕರಗಿಸಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿ ಎರಕ ಹೊಯ್ಯುತ್ತಾರೆ. ಡಬ್ಬಿಯ ಮೇಲೆ 1:18 ಎಂದಿದ್ದರೆ ನಿಜವಾದ ಬೈಕಿನ 18 ಇಂಚು ಇಲ್ಲಿ 1 ಇಂಚು. ಏಳು ಅಡಿಯ ಬೈಕು ಐದಿಂಚಿನೊಳಗೆ ಕೂತುಬಿಡುತ್ತದೆ!

ಎಚ್ಚರ ಬೇಕಾದದ್ದು ಇಲ್ಲೇ. ಅಳುವ ಕೂಸನ್ನು ಸುಮ್ಮನಾಗಿಸಲು ಇದನ್ನು ಕೈಗೆ ಕೊಡಲೇಬೇಡಿ. ಕನ್ನಡಿ, ಸ್ಟ್ಯಾಂಡಿನಂಥ ಚೂರುಗಳು ಕಳಚಿ ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಡಬ್ಬಿಯ ಮೇಲೆ ಬರೆದ ವಯಸ್ಸನ್ನು ಓದಿ. ಹಲವು ಮಾದರಿಗಳು 14 ವರ್ಷ ದಾಟಿದವರಿಗೆ ಮಾತ್ರ. ಆಡುವ ಮಗುವಿಗೆ ಐ.ಎಸ್.ಐ. ಗುರುತಿನ ಆಟಿಕೆ ಕೊಳ್ಳಿ. ಕಾರ್ಖಾನೆಯ ಆಟಿಕೆಗಳಿಗೆ 2021ರಿಂದ ಈ ಗುರುತು ಕಡ್ಡಾಯ.

ಜೋಪಾನದ ರೀತಿ ನಮಗೆ ಹೊಸತಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಬಣ್ಣದ ಗೊಂಬೆಗಳನ್ನು ಕಾಪಾಡುವ ಹಾಗೆಯೇ:

* ಧೂಳನ್ನು ಮೆತ್ತನೆ ಕುಂಚದಿಂದ ಕೊಡವಿ, ಒದ್ದೆ ಬಟ್ಟೆ ಬೇಡ.
* ಬಿಸಿಲು, ತೇವ ತಾಗದ ಗಾಜಿನ ಕಪಾಟಿನಲ್ಲಿ, ಕೂಸಿನ ಕೈಗೆಟುಕದಷ್ಟು ಎತ್ತರದಲ್ಲಿಡಿ.
* ಡಬ್ಬಿಯನ್ನು ರದ್ದಿಗೆ ಹಾಕಬೇಡಿ. ಮುಂದೆ ಮಾರುವುದಾದರೆ ಡಬ್ಬಿಯಿದ್ದ ಮಾದರಿಗೇ ಬೆಲೆ ಹೆಚ್ಚು.