ತೆಂಗಿನಕಾಯಿಯೂ ಸವಾರನ ತಲೆಯೂ

ಹೊಸದುರ್ಗದ ಅಥವಾ ಹಿರಿಯೂರಿನ ಕಡೆಯ ತೆಂಗಿನ ತೋಟಕ್ಕೆ ಕಾಯಿ ಕೀಳುವ ದಿನ ಹೋಗಿ ನಿಂತವರು ಈ ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಹದಿನೈದು ಇಪ್ಪತ್ತು ಮೀಟರು ಎತ್ತರದ ಮರದಿಂದ ಕಾಯಿ ಧೊಪ್ಪನೆ ನೆಲಕ್ಕೆ ಬೀಳುತ್ತದೆ; ಎರಡು ಉರುಳು ಉರುಳಿ ನಿಲ್ಲುತ್ತದೆ. ಸುಲಿದು ನೋಡಿದರೆ ಒಳಗಿನ ಕರಟ ಬಿರುಕು ಬಿಟ್ಟಿರುವುದು ಅಪರೂಪ. ಅದೇ ಕಾಯನ್ನು ಸುಲಿದು ಗುಡಿಯ ಮುಂದಿನ ಕಲ್ಲಿಗೆ ಈಡುಗಾಯಿಯಾಗಿ ಒಗೆದರೆ ಒಂದೇ ಏಟಿಗೆ ಚೂರುಚೂರಾಗುತ್ತದೆ. ತೋಟದ ಮಣ್ಣು ಮೆತ್ತಗೆ, ಗುಡಿಯ ಕಲ್ಲು ಗಟ್ಟಿ ಎಂದು ಯಾರಾದರೂ ವಾದಿಸಬಹುದು. ಹಾಗಾದರೆ ಸಿಪ್ಪೆಸಹಿತವಾದ ಕಾಯನ್ನು ಅದೇ ಕಲ್ಲಿನ ಮೇಲೆ ಆಳೆತ್ತರದಿಂದ ಬಿಟ್ಟು ನೋಡಲಿ. ಕರಟಕ್ಕೆ ಏನೂ ಆಗದು. ಕಾಯಿ ಅದೇ, ಕಲ್ಲು ಅದೇ. ನಡುವೆ ಇದ್ದುದು ಎರಡು ಮೂರು ಬೆರಳು ದಪ್ಪದ ನಾರು ಮಾತ್ರ.

ಮನುಷ್ಯನ ತಲೆಯ ರಚನೆಯೂ ಬಹುಮಟ್ಟಿಗೆ ಸುಲಿದ ಕಾಯಿಯದೇ. ಹೊರಗೆ ಗಟ್ಟಿಯಾದ ಬುರುಡೆ. ಒಳಗೆ ದ್ರವದಲ್ಲಿ ತೇಲುತ್ತಿರುವ, ಬೆಣ್ಣೆಯಂತೆ ಮೃದುವಾದ ಮೆದುಳು. ಪ್ರಕೃತಿಯು ತೆಂಗಿಗೆ ಕೊಟ್ಟ ಸಿಪ್ಪೆಯನ್ನು ನಮಗೆ ಕೊಡಲಿಲ್ಲ. ನಡೆಯುವ, ಓಡುವ ಪ್ರಾಣಿಗೆ ಅದರ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಆದರೆ ಇದೇ ಪ್ರಾಣಿ ಮೋಟಾರು ಸೈಕಲ್ಲನ್ನು ಏರಿದ ದಿನದಿಂದ ಸಂಗತಿ ಬದಲಾಯಿತು.

ಬಿದ್ದಾಗ ನಡೆಯುವುದೇನು?

“ನಾನು ಊರೊಳಗೆ ನಿಧಾನವಾಗಿ ಹೋಗುವವನು, ನನಗೇಕೆ ಶಿರಸ್ತ್ರಾಣ?” ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಇದನ್ನು ಪರೀಕ್ಷಿಸೋಣ.

ವಾಹನದ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರು ಎತ್ತರದಲ್ಲಿರುತ್ತದೆ. ವಾಹನ ನಿಂತೇ ಇರಲಿ, ಸವಾರ ಅಡ್ಡಡ್ಡವಾಗಿ ಬಿದ್ದನೆಂದರೆ ಆ ಎತ್ತರದಿಂದ ನೆಲಕ್ಕೆ ತಗಲುವ ತಲೆಯ ವೇಗ ಸೆಕೆಂಡಿಗೆ ಸುಮಾರು ೫.೪ ಮೀಟರು, ಅಂದರೆ ಗಂಟೆಗೆ ಹತ್ತೊಂಬತ್ತು ಕಿಲೋಮೀಟರು. ಈ ವೇಗ ಶೂನ್ಯಕ್ಕಿಳಿಯಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಬರಿಯ ತಲೆ ಡಾಂಬರಿಗೆ ಬಡಿದಾಗ ಚರ್ಮವೂ ಕೂದಲೂ ಸೇರಿ ಕುಗ್ಗುವುದು ಹೆಚ್ಚೆಂದರೆ ೫ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ಗುರುತ್ವಾಕರ್ಷಣದ ಎಷ್ಟು ಪಟ್ಟು ಬಲ ತಲೆಯ ಮೇಲೆ ಎರಗುತ್ತದೆಂಬುದು ಸ್ಥೂಲವಾಗಿ ದೊರೆಯುತ್ತದೆ. ೧,೫೦೦ ಮಿಲಿಮೀಟರನ್ನು ೫ರಿಂದ ಭಾಗಿಸಿರಿ: ಉತ್ತರ ೩೦೦. ತನ್ನ ತೂಕದ ಮುನ್ನೂರು ಪಟ್ಟು ಬಲವನ್ನು ಆ ತಲೆ ತಾಳಬೇಕು. ಈಗ ನಡುವೆ ೨೫ ಮಿಲಿಮೀಟರಿನಷ್ಟು ಕುಗ್ಗಬಲ್ಲ ಮೆತ್ತೆಯನ್ನು ಇಡಿರಿ. ೧,೫೦೦ನ್ನು ೨೫ರಿಂದ ಭಾಗಿಸಿದರೆ ೬೦. ಎತ್ತರವೂ ಅದೇ, ನೆಲವೂ ಅದೇ. ಏಟು ಮಾತ್ರ ಐದನೆಯ ಒಂದು ಪಾಲು. ತಲೆ ನಿಲ್ಲುವುದಕ್ಕೆ ದೊರೆತ ಕಾಲವೂ ಸೆಕೆಂಡಿನ ಐನೂರರಲ್ಲೊಂದು ಪಾಲಿನಿಂದ ನೂರರಲ್ಲೊಂದು ಪಾಲಿಗೆ ಏರುತ್ತದೆ. ಬದುಕಿಗೂ ಸಾವಿಗೂ ಇರುವ ಅಂತರ ಎಷ್ಟೋ ವೇಳೆ ಇಷ್ಟೇ.

ಬುರುಡೆ ಒಡೆಯದಿದ್ದರೂ ಅಪಾಯ ತಪ್ಪಿತೆಂದು ತಿಳಿಯಬಾರದು. ಬುರುಡೆ ಥಟ್ಟನೆ ನಿಂತಾಗ ಒಳಗಿನ ಮೆದುಳು ಇನ್ನೂ ಮುಂದಕ್ಕೆ ಚಲಿಸುತ್ತಿರುತ್ತದೆ. ಅದು ಬುರುಡೆಯ ಒಳಗೋಡೆಗೆ ಅಪ್ಪಳಿಸಿ ಜಜ್ಜಿಹೋಗಬಹುದು. ಸೂಕ್ಷ್ಮ ರಕ್ತನಾಳಗಳು ಹರಿದು ಒಳಗೇ ನೆತ್ತರು ಹೆಪ್ಪುಗಟ್ಟಬಹುದು. ಬಿದ್ದವನು ಎದ್ದು ಮಾತನಾಡಿ, ಕೆಲವು ಗಂಟೆಗಳ ಬಳಿಕ ಎಚ್ಚರ ತಪ್ಪುವುದಕ್ಕೆ ಇದೇ ಕಾರಣ.

ಒಬ್ಬ ವೈದ್ಯನ ಆರು ವರ್ಷ

ಸವಾರನ ತಲೆಗೂ ಸಿಪ್ಪೆ ಬೇಕೆಂಬುದನ್ನು ವೈದ್ಯವಿಜ್ಞಾನ ಕಂಡುಕೊಂಡ ಕಥೆ ಸ್ವಾರಸ್ಯವಾದುದು. ‘ಅರೇಬಿಯದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸ್ ೧೯೩೫ನೆಯ ಮೇ ೧೩ರಂದು ಇಂಗ್ಲೆಂಡಿನ ಹಳ್ಳಿಯ ರಸ್ತೆಯೊಂದರಲ್ಲಿ ಮೋಟಾರು ಸೈಕಲ್ಲಿನಿಂದ ಎಸೆಯಲ್ಪಟ್ಟನು. ಸೈಕಲ್ಲುಗಳ ಮೇಲೆ ಬರುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಆದ ಅನಾಹುತವಿದು. ಅವನ ತಲೆಯ ಮೇಲೆ ರಕ್ಷಣೆ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ಪ್ರಾಣ ಬಿಟ್ಟನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕನೂ ಒಬ್ಬನು. ಈ ಸಾವು ಅವನನ್ನು ಬಿಡಲಿಲ್ಲ. ಮೋಟಾರು ಸೈಕಲ್ ಸವಾರರ ತಲೆಯ ಗಾಯಗಳನ್ನು ಅವನು ವ್ಯವಸ್ಥಿತವಾಗಿ ಅಭ್ಯಾಸ ಮಾಡಿ, ೧೯೪೧ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಲೇಖನವನ್ನು ಪ್ರಕಟಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ತನ್ನ ಮೋಟಾರು ಸೈಕಲ್ ಸವಾರರಿಗೆಲ್ಲ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು.

೧೯೫೦ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಲೊಂಬಾರ್ಡ್ ಎಂಬ ಸಂಶೋಧಕನು ಗಟ್ಟಿಯಾದ ಹೊರಕವಚದೊಳಗೆ ಏಟನ್ನು ಹೀರುವ ಪದರವನ್ನು ಕೂಡಿಸಿದ ಶಿರಸ್ತ್ರಾಣವನ್ನು ರೂಪಿಸಿದನು. ಇಂದಿನ ಶಿರಸ್ತ್ರಾಣಗಳಿಗೆಲ್ಲ ಇದೇ ತತ್ತ್ವ ಆಧಾರ. ಹೊರಕವಚ ಏಟನ್ನು ಹೆಚ್ಚು ಜಾಗಕ್ಕೆ ಹರಡುತ್ತದೆ. ಒಳಗಿನ ಥರ್ಮೋಕೋಲಿನಂತಹ ಪದರ ತಾನು ಜಜ್ಜಿಹೋಗಿ ತಲೆಯನ್ನು ಕಾಯುತ್ತದೆ. ತೆಂಗಿನ ಸಿಪ್ಪೆಯಲ್ಲಿಯೂ ಹೊರಗೆ ನುಣುಪಾದ ಗಟ್ಟಿ ತೊಗಟೆ, ಒಳಗೆ ನಾರು.

ಇದರಿಂದ ಮೂರು ವಿಷಯಗಳು ತಾವಾಗಿಯೇ ಸಿದ್ಧವಾಗುತ್ತವೆ. ಒಳಪದರವಿಲ್ಲದ ಬರಿಯ ಪ್ಲಾಸ್ಟಿಕ್ ಟೊಪ್ಪಿಗೆ ದಂಡವನ್ನು ತಪ್ಪಿಸೀತೇ ಹೊರತು ಏಟನ್ನು ತಪ್ಪಿಸಲಾರದು. ಆದುದರಿಂದ ಕೊಳ್ಳುವಾಗ ಐ.ಎಸ್. ೪೧೫೧ ಎಂಬ ಅಂಕಿಯನ್ನೂ ಐ.ಎಸ್.ಐ. ಮುದ್ರೆಯನ್ನೂ ನೋಡಬೇಕು. ೨೦೨೧ರ ಜೂನ್ ೧ರಿಂದ ಭಾರತದಲ್ಲಿ ಈ ಮುದ್ರೆಯಿಲ್ಲದ ದ್ವಿಚಕ್ರ ಶಿರಸ್ತ್ರಾಣದ ಮಾರಾಟಕ್ಕೆ ಅವಕಾಶವಿಲ್ಲ. ಎರಡನೆಯದಾಗಿ, ಒಮ್ಮೆ ಬಲವಾದ ಏಟು ತಿಂದ ಶಿರಸ್ತ್ರಾಣದ ಒಳಪದರ ಮತ್ತೆ ಉಬ್ಬುವುದಿಲ್ಲ. ಹೊರಗೆ ಚೆನ್ನಾಗಿ ಕಂಡರೂ ಅದನ್ನು ಬಿಸಾಡಬೇಕು. ಮೂರನೆಯದಾಗಿ, ಗದ್ದದ ಪಟ್ಟಿಯನ್ನು ಬಿಗಿಯದ ಶಿರಸ್ತ್ರಾಣ ಮೊದಲನೆಯ ಏಟಿಗೇ ಹಾರಿಹೋಗುತ್ತದೆ. ತಲೆ ನೆಲಕ್ಕೆ ತಗಲುವಾಗ ಅದು ದೂರದಲ್ಲಿ ಉರುಳುತ್ತಿರುತ್ತದೆ.

ಲೆಕ್ಕ ಹೇಳುವ ಸತ್ಯ

೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಶಿರಸ್ತ್ರಾಣವಿಲ್ಲದೆ ಸತ್ತವರು ೫೦,೦೨೯. ಅವರಲ್ಲಿ ೧೪,೩೩೭ ಮಂದಿ ಹಿಂದೆ ಕುಳಿತವರು. ಬಿದ್ದಾಗ ಹಿಂದೆ ಕುಳಿತವರ ತಲೆಯೂ ಅದೇ ಎತ್ತರದಿಂದಲೇ ನೆಲಕ್ಕೆ ಬರುತ್ತದೆ. ಕರ್ನಾಟಕವು ೨೦೧೬ರ ಜನವರಿಯಲ್ಲಿಯೇ ಹಿಂಬದಿ ಸವಾರರಿಗೂ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ೨೦೦೮ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ, ಅಪಘಾತಕ್ಕೀಡಾದ ಸವಾರರಲ್ಲಿ ಶಿರಸ್ತ್ರಾಣವು ಸಾವಿನ ಸಂಭವವನ್ನು ನೂರಕ್ಕೆ ೪೨ರಷ್ಟೂ ತಲೆಯ ಗಾಯದ ಸಂಭವವನ್ನು ನೂರಕ್ಕೆ ೬೯ರಷ್ಟೂ ಕಡಮೆ ಮಾಡುತ್ತದೆ.

ನೂರಕ್ಕೆ ನೂರು ಏಕಲ್ಲ? ಸಿಪ್ಪೆಗೂ ಒಂದು ಮಿತಿಯಿದೆ. ರಸ್ತೆಯ ಮೇಲೆ ಜಾರಿಬಿದ್ದ ಸವಾರನ ಮುಂದೊತ್ತುವ ವೇಗ ಉಜ್ಜುತ್ತಾ ಕ್ರಮೇಣ ಇಳಿಯುತ್ತದೆ. ತಲೆಗೆ ಬೀಳುವ ಏಟು ಮುಖ್ಯವಾಗಿ ಬಿದ್ದ ಎತ್ತರದ್ದು. ಆದರೆ ನಿಂತ ಲಾರಿಗೋ ಸೇತುವೆಯ ಗೋಡೆಗೋ ನೇರವಾಗಿ ಬಡಿದರೆ ಇಡಿಯ ವೇಗವೂ ತಲೆಗೇ. ಗಂಟೆಗೆ ೩೬ ಕಿಲೋಮೀಟರಿನ ವೇಗದ ಬಡಿತ ಐದು ಮೀಟರು ಎತ್ತರದಿಂದ ಬಿದ್ದುದಕ್ಕೆ ಸಮ. ೭೨ ಕಿಲೋಮೀಟರಿನದು ಇಪ್ಪತ್ತು ಮೀಟರಿನಿಂದ, ಎಂದರೆ ಎತ್ತರದ ತೆಂಗಿನ ಮರದ ತುದಿಯಿಂದ ತಲೆಕೆಳಗಾಗಿ ಬಿದ್ದುದಕ್ಕೆ ಸಮ. ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟು. ಆದುದರಿಂದ ಶಿರಸ್ತ್ರಾಣವು ಕೊನೆಯ ಕೋಟೆ. ದುರ್ಗದ ಏಳು ಸುತ್ತಿನ ಕೋಟೆಯಂತೆ ಅದಕ್ಕೆ ಮೊದಲು ಬೇರೆ ಸುತ್ತುಗಳೂ ಇರಬೇಕು.

ನಮ್ಮ ದಾರಿಗಳು

ಚಿತ್ರದುರ್ಗ ಜಿಲ್ಲೆ ದಾರಿಗಳು ಕೂಡುವ ನೆಲ. ದಿಲ್ಲಿಯಿಂದ ಮುಂಬಯಿ, ಪುಣೆ, ಬೆಂಗಳೂರುಗಳ ಮೂಲಕ ಚೆನ್ನೈಗೆ ಹೋಗುವ ೪೮ನೆಯ ರಾಷ್ಟ್ರೀಯ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾಯ್ದುಹೋಗುತ್ತದೆ. ಹಿರಿಯೂರಿನಲ್ಲಿ ಅದಕ್ಕೆ ಬಳ್ಳಾರಿಯ ದಾರಿ ಕೂಡುತ್ತದೆ. ಚಿತ್ರದುರ್ಗದಿಂದ ಹೊಸಪೇಟೆಯ ಕಡೆಗೆ ಒಂದು, ಹೊಳಲ್ಕೆರೆಯ ಮಾರ್ಗವಾಗಿ ಶಿವಮೊಗ್ಗೆಗೆ ಇನ್ನೊಂದು ದಾರಿ ಕವಲೊಡೆಯುತ್ತವೆ. ಹೀಗೆ ದೇಶದ ಸರಕೆಲ್ಲ ಹರಿಯುವ ಹಾದಿಯ ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಹೊಲ ಇರುವ ರೈತನೂ, ಹಳ್ಳಿಯಿಂದ ಕಾಲೇಜಿಗೆ ಹೋಗುವ ವಿದ್ಯಾರ್ಥಿಯೂ ಅದೇ ಹಾದಿಯಲ್ಲಿ ಮೋಟಾರು ಸೈಕಲ್ಲನ್ನು ನಡೆಸಬೇಕಾಗಿದೆ.

ಸುತ್ತು ತಪ್ಪಿಸುವುದಕ್ಕಾಗಿ ಎದುರುದಿಕ್ಕಿನಲ್ಲಿ ಸ್ವಲ್ಪ ದೂರ ನುಗ್ಗುವುದು ಇಂತಹ ಕಡೆ ಕಾಣುವ ಸಾಮಾನ್ಯ ತಪ್ಪು. ಗಂಟೆಗೆ ೪೦ ಕಿಲೋಮೀಟರಿನಲ್ಲಿ ಹೋಗುವ ಸವಾರನೂ ೧೦೦ ಕಿಲೋಮೀಟರಿನಲ್ಲಿ ಬರುವ ಕಾರೂ ಪರಸ್ಪರ ಸಮೀಪಿಸುವ ವೇಗ ೧೪೦. ಇಬ್ಬರ ನಡುವೆ ನೂರು ಮೀಟರಿದ್ದರೆ ಅದು ಸವೆಯಲು ಎರಡೂವರೆ ಸೆಕೆಂಡು ಸಾಕು. ಕಂಡು, ತಿಳಿದು, ಬ್ರೇಕಿನ ಮೇಲೆ ಕೈಯಿಡುವುದರೊಳಗೇ ಒಂದು ಸೆಕೆಂಡು ಕಳೆದಿರುತ್ತದೆ.

ಬ್ರೇಕು ಹಿಡಿದೊಡನೆ ಬಂಡಿ ನಿಲ್ಲುವುದೂ ಇಲ್ಲ. ೩೬ ಕಿಲೋಮೀಟರಿನ ವೇಗದಲ್ಲಿ ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಬ್ರೇಕಿಗೆ ಸುಮಾರು ಏಳು ಮೀಟರು ಬೇಕಾದರೆ, ೭೨ರಲ್ಲಿ ಸುಮಾರು ಇಪ್ಪತ್ತೊಂಬತ್ತು ಮೀಟರು ಬೇಕು. ಇದು ಚಕ್ರಕ್ಕೂ ನೆಲಕ್ಕೂ ಹಿಡಿತವಿದ್ದಾಗಿನ ಮಾತು. ಸುಗ್ಗಿಯ ಕಾಲದಲ್ಲಿ ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಹಳ್ಳಿದಾರಿಗಳಲ್ಲಿ ಸಂಜೆ ಹೊತ್ತು ಹೋಗುವವರು ರಸ್ತೆಗೆ ಅಡ್ಡಲಾಗಿ ಹರಡಿದ ರಾಗಿಯ ತೆನೆಯನ್ನೋ ಹುರುಳಿಯ ಕಡ್ಡಿಯನ್ನೋ ಕಾಣಬಹುದು. ಕಣವಿಲ್ಲದ ರೈತನಿಗೆ ಡಾಂಬರು ರಸ್ತೆಯೇ ಕಣ. ಬಸ್ಸಿನ ಗಾಲಿಯೇ ರೋಣಗಲ್ಲು. ಆದರೆ ದ್ವಿಚಕ್ರಕ್ಕೆ ಆ ಹುಲ್ಲು ಎಣ್ಣೆ ಚೆಲ್ಲಿದ ನೆಲದಂತೆ. ಅದರ ಮೇಲೆ ಥಟ್ಟನೆ ಬ್ರೇಕು ಹಿಡಿಯಬಾರದು, ಹಿಡಿಕೆಯನ್ನು ತಿರುಗಿಸಬಾರದು. ದೂರದಿಂದಲೇ ವೇಗವನ್ನು ತಗ್ಗಿಸಿ ನೇರವಾಗಿ ದಾಟಬೇಕು. ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಎಂಬ ಸಾಧನ ೧೨೫ ಸಿ.ಸಿ.ಗೆ ಮೇಲ್ಪಟ್ಟ ಹೊಸ ಮೋಟಾರು ಸೈಕಲ್ಲುಗಳಿಗೆ ೨೦೧೯ರಿಂದ ಕಡ್ಡಾಯವಾಗಿದೆ. ಅದು ಹುಲ್ಲಿನ ಮೇಲೆ ಹೊಸ ಹಿಡಿತವನ್ನು ಹುಟ್ಟಿಸಲಾರದು. ಇದ್ದಷ್ಟನ್ನು ಕಾಪಾಡೀತು, ಅಷ್ಟೆ. ಊರಿಗೊಂದು ಒಳ್ಳೆಯ ಒಕ್ಕಣೆಯ ಕಣವನ್ನು ಕಟ್ಟಿಸಿದರೆ ರೈತನಿಗೂ ಸವಾರನಿಗೂ ಉಪಕಾರವಾದೀತು.

ಸವಾರನ ಕರ್ತವ್ಯ, ಸವಾರನ ಹಕ್ಕು

ಹದಿನೆಂಟು ತುಂಬುವ ಮೊದಲು ಗೇರಿನ ಮೋಟಾರು ಸೈಕಲ್ಲನ್ನು ನಡೆಸಲು ಕಾನೂನು ಒಪ್ಪುವುದಿಲ್ಲ. ೨೦೧೯ರ ತಿದ್ದುಪಡಿಯ ಪ್ರಕಾರ ಬಾಲಕನು ವಾಹನ ನಡೆಸಿ ತಪ್ಪೆಸಗಿದರೆ ಅವನ ಪೋಷಕರಿಗೆ ಅಥವಾ ವಾಹನದ ಒಡೆಯನಿಗೆ ಇಪ್ಪತ್ತೈದು ಸಾವಿರ ರೂಪಾಯಿಯ ದಂಡವೂ ಮೂರು ವರ್ಷದವರೆಗಿನ ಸೆರೆವಾಸವೂ ಆಗಬಹುದು. ಅಪ್ಪನ ಗಾಡಿಯ ಕೀಲಿಗೆ ಕೈಹಾಕುವ ಹುಡುಗನು ಇದನ್ನು ನೆನೆಯಬೇಕು.

ಆದರೆ ಹೊಣೆಯೆಲ್ಲ ಸವಾರನದೇ ಅಲ್ಲ. ಅದೇ ತಿದ್ದುಪಡಿಯು ರಸ್ತೆಯನ್ನು ವಿಧಿಸಿದ ಮಾನಕಕ್ಕೆ ತಕ್ಕಂತೆ ರಚಿಸದೆ, ಕಾಯದೆ ಸಾವುನೋವಿಗೆ ಕಾರಣರಾದ ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನು ವಿಧಿಸುತ್ತದೆ. ಗುಂಡಿ, ದೀಪವಿಲ್ಲದ ತಿರುವು, ಸೂಚನಾಫಲಕವಿಲ್ಲದ ಉಬ್ಬು ಇವುಗಳ ಬಗೆಗೆ ಬರೆದು ತಿಳಿಸುವುದು ದೂರುಕೋರತನವಲ್ಲ. ಅದು ಪೌರನ ಕೆಲಸ.

ಬಿದ್ದವನನ್ನು ಎತ್ತುವುದೂ ಅಂತಹುದೇ ಕೆಲಸ. ೨೦೧೬ರ ಫೆಬ್ರುವರಿಯಲ್ಲಿ ಇದೇ ಹೆದ್ದಾರಿಯ ಮೇಲೆ, ನೆಲಮಂಗಲದ ಬಳಿ, ಹರೀಶನೆಂಬ ಯುವಕನ ಮೋಟಾರು ಸೈಕಲ್ಲಿಗೆ ಲಾರಿ ಬಡಿಯಿತು. ಉಳಿಯಲಾರನೆಂಬಷ್ಟು ಗಾಯಗೊಂಡಿದ್ದರೂ ಅವನು ತನ್ನ ಅಂಗಗಳನ್ನು ದಾನಮಾಡಬೇಕೆಂದು ಸುತ್ತಲಿದ್ದವರನ್ನು ಬೇಡಿಕೊಂಡನು. ಅವನು ಉಳಿಯಲಿಲ್ಲ, ಅವನ ಕಣ್ಣುಗಳು ಉಳಿದುವು. ಅಪಘಾತಕ್ಕೀಡಾದವರ ಮೊದಲ ಗಂಟೆಗಳ ಚಿಕಿತ್ಸೆಗಾಗಿ ರಾಜ್ಯ ಸರ್ಕಾರ ಅದೇ ವರ್ಷ ಅವನ ಹೆಸರಿನಲ್ಲಿ ಯೋಜನೆಯೊಂದನ್ನು ಆರಂಭಿಸಿತು. ೨೦೨೫ರ ಮೇ ತಿಂಗಳಿನಿಂದ ದೇಶಾದ್ಯಂತ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯೊಳಗೆ, ಹಣ ಕೇಳದೆ ಚಿಕಿತ್ಸೆ ನೀಡುವ ಏರ್ಪಾಡೂ ಬಂದಿದೆ. ನೆರವಿಗೆ ನಿಂತವನನ್ನು ಹೊಣೆಗಾರನನ್ನಾಗಿ ಮಾಡಬಾರದೆಂದೂ, ಅವನ ಹೆಸರನ್ನು ಬಲವಂತದಿಂದ ಕೇಳಬಾರದೆಂದೂ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ಹೆದರದೆ ೧೦೮ಕ್ಕೆ ಅಥವಾ ೧೧೨ಕ್ಕೆ ಕರೆ ಮಾಡಿರಿ. ಗಾಯಾಳುವಿನ ಕತ್ತನ್ನು ತಿರುಚಬೇಡಿರಿ. ಉಸಿರಾಟಕ್ಕೆ ತಡೆಯಿಲ್ಲದಿದ್ದರೆ ಶಿರಸ್ತ್ರಾಣವನ್ನು ಎಳೆದು ತೆಗೆಯಬೇಡಿರಿ. ರಕ್ತ ಸೋರುವ ಕಡೆ ಶುದ್ಧವಾದ ಬಟ್ಟೆಯನ್ನು ಒತ್ತಿಹಿಡಿಯಿರಿ.

ನಾಳೆ ಬೆಳಗ್ಗೆ ಮನೆಯ ಮುಂದೆ ಯಾರಾದರೂ ಗಾಡಿ ಹೊರಡಿಸುವಾಗ, ಶಿರಸ್ತ್ರಾಣ ತಲೆಯ ಮೇಲಿದೆಯೋ ಪೆಟ್ರೋಲ್ ಟ್ಯಾಂಕಿನ ಮೇಲಿದೆಯೋ ನೋಡಿರಿ. ತಲೆಯ ಮೇಲಿದ್ದರೆ ಗದ್ದದ ಪಟ್ಟಿ ಬಿಗಿದಿದೆಯೋ ನೋಡಿರಿ. ಹಿಂದೆ ಕುಳಿತ ಅವ್ವನಿಗೋ ತಂಗಿಗೋ ಒಂದಿದೆಯೋ ನೋಡಿರಿ. ಇಲ್ಲವಾದರೆ ತೆಂಗಿನಕಾಯಿಯ ಲೆಕ್ಕವನ್ನು ಅವರಿಗೆ ಹೇಳಿರಿ: ಒಂದೂವರೆ ಮೀಟರನ್ನು ಐದು ಮಿಲಿಮೀಟರಿನಿಂದ ಭಾಗಿಸುವುದು ಯಾರಿಗೂ ಕಷ್ಟವಲ್ಲ.