ಮುಚ್ಚಿದ ಟ್ಯಾಂಕಿನೊಳಗಿನ ಲೆಕ್ಕ

ಹರಿಹರದ ತುಂಗಭದ್ರಾ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿನ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿ ಮರದಿಂದ ರೇಯಾನ್‌ಗೆ ಬೇಕಾದ ಪಲ್ಪ್ ತೆಗೆಯುತ್ತದೆ. ಮರದ ಚೂರು ಡೈಜೆಸ್ಟರ್ ಎಂಬ ಮುಚ್ಚಿದ ಟ್ಯಾಂಕಿನಲ್ಲಿ ಬೇಯುವಾಗ ಮುಚ್ಚಳ ತೆಗೆದು ನೋಡುವಂತಿಲ್ಲ. ಅದಕ್ಕೆಂದೇ ಪಲ್ಪ್ ಉದ್ಯಮದಲ್ಲಿ ಒಂದು ಲೆಕ್ಕವಿದೆ. 1957ರಲ್ಲಿ ವ್ರೂಮ್ ಎಂಬ ತಜ್ಞ ಕೊಟ್ಟ ಎಚ್ ಫ್ಯಾಕ್ಟರ್. 100 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿದರೆ 1. 170 ಡಿಗ್ರಿಯಲ್ಲಿ ಅದೇ ಒಂದು ಗಂಟೆಗೆ 900ಕ್ಕೂ ಹೆಚ್ಚು. ತಾಪಮಾನ, ಸಮಯ ಎರಡೂ ಗೊತ್ತಿದ್ದರೆ ಮರ ಎಷ್ಟು ಬೆಂದಿದೆ ಎಂಬ ಅಂದಾಜು ಸಿಗುತ್ತದೆ.

ಹರಿಹರದಲ್ಲಿ ಬೆಳೆದು, ದಾವಣಗೆರೆಯ ಬಿಐಇಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಔಷಧ ಕಾರ್ಖಾನೆಯಲ್ಲಿ ಫರ್ಮೆಂಟರ್, ಅಂದರೆ ಸೂಕ್ಷ್ಮಾಣು ಬೆಳೆಸುವ ಮುಚ್ಚಿದ ಟ್ಯಾಂಕ್, ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ಇದೇ ಜಾತಿಯ ಲೆಕ್ಕ ನನಗೆ ಮತ್ತೆ ಎದುರಾಯಿತು. ಅಲ್ಲಿ ಅದನ್ನು ಸಾಫ್ಟ್ ಸೆನ್ಸರ್ ಅನ್ನುತ್ತಾರೆ.

ಇನ್ಸುಲಿನ್ ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಚಿಯಾ ಎಂಬ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ ಅನ್ನು ಇನ್ಸುಜೆನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ದಾವಣಗೆರೆಯ ಮೆಡಿಕಲ್ ಶಾಪಿನಿಂದ ಇನ್ಸುಲಿನ್ ತರಿಸಿಕೊಳ್ಳುವ ನಮ್ಮ ಅವ್ವನಿಗೆ ಈ ಕತೆ ಹೇಳಿದಾಗ ಆಕೆ ಕೇಳಿದ್ದು ಒಂದೇ: "ಮುಚ್ಚಿಟ್ಟ ಟ್ಯಾಂಕಿನಾಗೆ ಅದು ಏನು ಮಾಡ್ತತೆ ಅಂತ ನಿಮಗೆ ಹೆಂಗೆ ಗೊತ್ತಾಗ್ತತಪ್ಪ?"

ಸರಿಯಾದ ಪ್ರಶ್ನೆ. ಬೇರೆ ಸೂಕ್ಷ್ಮಾಣು ಸೇರಿಕೊಂಡರೆ ಇಡೀ ಬ್ಯಾಚ್ ಚೆಲ್ಲಬೇಕಾಗುತ್ತದೆ, ಹಾಗಾಗಿ ಟ್ಯಾಂಕ್ ತೆರೆಯುವಂತಿಲ್ಲ. ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಬಹುದು. ಆದರೆ ಉತ್ತರ ಬರುವಷ್ಟರಲ್ಲಿ ಒಳಗಿನ ಸ್ಥಿತಿ ಬದಲಾಗಿರುತ್ತದೆ. ಬಿಡುವಿಲ್ಲದೆ ಸಿಗುವುದು ತಾಪಮಾನ, ಪಿಎಚ್, ಕರಗಿದ ಆಮ್ಲಜನಕ, ಹೊರಬರುವ ಗಾಳಿಯ ಅಳತೆ. ಒಳಹೋಗುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡ 21. ಹೊರಬರುವಾಗ ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನು ಯೀಸ್ಟ್ ಉಸಿರಾಡಿದೆ. ತಂಪು ಮಾಡುವ ನೀರು ಎಷ್ಟು ಬಿಸಿಯಾಗಿ ಹೊರಬಂತು ಎಂಬುದೂ ಅದರ ಚಟುವಟಿಕೆಯನ್ನೇ ಹೇಳುತ್ತದೆ. ಇವನ್ನೆಲ್ಲ ಕೂಡಿಸಿ, ಈಗ ಒಳಗೆ ಎಷ್ಟು ಯೀಸ್ಟ್ ಇದೆ, ಎಷ್ಟು ವೇಗದಲ್ಲಿ ಬೆಳೆಯುತ್ತಿದೆ ಎಂದು ಕಂಪ್ಯೂಟರ್ ನಿಮಿಷ ನಿಮಿಷಕ್ಕೂ ಲೆಕ್ಕ ಹಾಕುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಅರಳುವ ಸದ್ದಿನಿಂದಲೇ ಮರಳಿನ ಕಾವು ಹೇಳುವವರಿದ್ದಾರಲ್ಲ, ಆ ಬಗೆಯ ಜಾಣತನ ಇದು.

ಕೊನೆಯಲ್ಲಿ ಪರೀಕ್ಷಿಸಿದರೆ ಸಾಲದು, ಔಷಧ ತಯಾರಾಗುತ್ತಿರುವಾಗಲೇ ಅಳೆಯಿರಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಮಾರ್ಗಸೂಚಿ ಹೊರಡಿಸಿತು. ಅಲ್ಲಿಂದೀಚೆಗೆ ಇಂಥ ಲೆಕ್ಕಗಳಿಗೆ ಬೇಡಿಕೆ ಹೆಚ್ಚಿದೆ. ಈಗ ಮಷೀನ್ ಲರ್ನಿಂಗ್ ಕೂಡ ಸೇರಿಕೊಂಡಿದೆ. ನನ್ನ ಮಾತು ಕೇಳುವ ಹುಡುಗರಿಗೆ ನಾನು ಹೇಳುವುದು, ಕೋಡ್ ಬರೆಯುವ ಮೊದಲು ಯೀಸ್ಟ್ ಹೇಗೆ ಬದುಕುತ್ತದೆಂದು ಕಲಿಯಿರಿ.

ಯಾಕೆಂದರೆ ಲೆಕ್ಕ ತಪ್ಪುವುದು ಸಣ್ಣ ಕಾರಣಕ್ಕೆ. ಹೊರಬರುವ ಗಾಳಿಯನ್ನು ಸರಿಯಾಗಿ ಒಣಗಿಸದೆ ಅದನ್ನು ಅಳೆಯುವ ಅನಲೈಜರಿಗೆ ಬಿಟ್ಟಿರೆನ್ನಿ. ನೀರಾವಿ ಜಾಗ ಹಿಡಿದು ಆಮ್ಲಜನಕದ ಪಾಲು ಕಡಿಮೆಯಾಗಿ ಕಾಣುತ್ತದೆ. ಯೀಸ್ಟ್ ಜೋರಾಗಿ ಬೆಳೆಯುತ್ತಿದೆ ಎಂದು ಕಂಪ್ಯೂಟರ್ ನಂಬುತ್ತದೆ, ಪಿಚಿಯಾಗೆ ಆಹಾರವಾಗಿ ಕೊಡುವ ಮೆಥನಾಲ್ ಹೆಚ್ಚಿಸುತ್ತದೆ. ಮೆಥನಾಲ್ ಮಿತಿ ಮೀರಿದರೆ ಯೀಸ್ಟ್‌ಗೆ ವಿಷ. ಪರದೆಯ ಮೇಲೆ ಗ್ರಾಫ್ ಮಾತ್ರ ನೀಟಾಗಿ ಏರುತ್ತಿರುತ್ತದೆ.

ಸಂಶಯ ಬಂದರೆ ಅನುಭವಿ ಆಪರೇಟರ್ ಸ್ವಲ್ಪ ಹೊತ್ತು ಮೆಥನಾಲ್ ಪಂಪ್ ನಿಲ್ಲಿಸಿ, ಕರಗಿದ ಆಮ್ಲಜನಕದ ಅಂಕಿಯನ್ನೇ ನೋಡುತ್ತಾನೆ. ಅದು ಥಟ್ಟನೆ ಮೇಲೆ ಜಿಗಿದರೆ ಯೀಸ್ಟ್ ಕೊಟ್ಟಷ್ಟನ್ನೂ ತಿಂದು ಮುಗಿಸುತ್ತಿತ್ತು, ಊಟ ನಿಂತೊಡನೆ ಉಸಿರಾಟವೂ ತಗ್ಗಿತು ಎಂದರ್ಥ. ಅಂಕಿ ಕದಲದಿದ್ದರೆ ಒಳಗೆ ಮೆಥನಾಲ್ ಮಿಕ್ಕಿದೆ. ಆಗ ಆತ ಪಂಪನ್ನು ಕಂಪ್ಯೂಟರಿನ ಹಿಡಿತದಿಂದ ಬಿಡಿಸಿ ಮ್ಯಾನ್ಯುಯಲ್‌ಗೆ ಹಾಕಿ, ಲ್ಯಾಬಿಗೆ ಸ್ಯಾಂಪಲ್ ಕಳಿಸುತ್ತಾನೆ.